ನೀರತೊಟ್ಟಿಯ ಬಿರಡೆ

ಒಂದಾನೊಂದು ಸಮುದ್ರದ ನಟ್ಟನಡುವೆ ಒಂದು ಕೋಟೆಯಿತ್ತು. ಕೋಟೆಯ ಹೊಟ್ಟೆಯಲ್ಲೊಂದು ತೊಟ್ಟಿ, ತೊಟ್ಟಿಯ ತುಂಬ ಮಳೆಗಾಲ ಬಿಟ್ಟುಹೋದ ಸಿಹಿನೀರು. ಅದನ್ನು ಏಳು ಹೆಡೆಯ ಸರ್ಪವೊಂದು ಕಾಯುತ್ತಿತ್ತು ಎಂದಿದ್ದರೆ ಚೆನ್ನಾಗಿರುತ್ತಿತ್ತು. ಆದರೆ ಕಾಯುತ್ತಿದ್ದವನು ಬಡಕಲು ಕಾಲಿನ ಒಬ್ಬ ಸಿಪಾಯಿ. ತನ್ನ ಪಾಲಿನ ಲೋಟದಲ್ಲೂ ಅರ್ಧವನ್ನು ಗಾಯಾಳುಗಳಿಗೆ ಕೊಟ್ಟುಬಿಡುತ್ತಿದ್ದನಾದ್ದರಿಂದ ಎಲ್ಲರೂ ಅವನನ್ನು ಒಂಟೆ ಎಂದೇ ಕರೆಯುತ್ತಿದ್ದರು.

ಶತ್ರುವಿನ ಹಡಗುಗಳು ಸುತ್ತುಗಟ್ಟಿದ್ದವು. ಮಳೆ ನಿಂತು ತಿಂಗಳುಗಳಾಗಿದ್ದವು. ಸಿಹಿನೀರು ಕುಡಿಯುವುದಕ್ಕೆ ಮಾತ್ರ. ಮೈ ತೊಳೆಯುವುದು, ಬಟ್ಟೆ ಒಗೆಯುವುದು ಎಲ್ಲ ಸಮುದ್ರದ ನೀರಿನಲ್ಲೇ. ಒಣಗಿದ ಷರಾಯಿಗಳು ರಟ್ಟಿನಂತೆ ಸೆಟೆದು ತೊಡೆಯ ಚರ್ಮ ಕೀಳುತ್ತಿದ್ದವು. ಗೋಡೆಯೊಳಗಿನ ಕಮಾನು ಕೋಣೆಗಳಲ್ಲಿ ಇಬ್ಬರಿಗೆ ಒಂದೇ ಹಾಸಿಗೆ. ಒಬ್ಬ ಎದ್ದು ಕಾವಲಿಗೆ ಹೋದರೆ ಕಾವಲು ಮುಗಿಸಿ ಬಂದವನು ಅವನ ಮೈಬಿಸಿಯಲ್ಲೇ ಉರುಳಿಕೊಳ್ಳುವುದು. ಹೀಗಿದ್ದರೂ ಆ ಕೋಟೆಯ ಬಾವುಟ ಒಂದು ದಿನವೂ ತಲೆ ತಗ್ಗಿಸಿರಲಿಲ್ಲ.

ಅಂಥ ಕೋಟೆಯಲ್ಲಿ ಒಂದು ಬೆಳಗ್ಗೆ ಅನಾಹುತವಾಯಿತು.

ಕಾವಲು ಬದಲಾಗುವುದಕ್ಕೆ ಸ್ವಲ್ಪ ಮುಂಚೆ ಶತ್ರುವಿನ ಫಿರಂಗಿಗಳು ಗುಡುಗಿದವು. ಅಂಗಳದಲ್ಲಿ ಒಬ್ಬ ಬಿದ್ದ. ಒಂಟೆ ಅವನನ್ನು ಹೊತ್ತು ಆಸ್ಪತ್ರೆಯ ಕೋಣೆಗೆ ಓಡಿದ. ಮರಳಿ ಬರುವಷ್ಟರಲ್ಲಿ ತೊಟ್ಟಿಯೊಳಗೆ ಗೊಳಗೊಳ ಸದ್ದು. ತಳದ ಬಿರಡೆಯನ್ನು ಯಾರೋ ಕಿತ್ತಿದ್ದರು, ನೀರು ಸಮುದ್ರದ ಪಾಲಾಗುತ್ತಿತ್ತು! ಅವನು ಧುಮುಕಿ, ಮುಳುಗಿ, ಬಿರಡೆ ಜಡಿದು ಮೇಲೆ ಬಂದಾಗ ಎದುರಿಗೆ ಕಿಲ್ಲೇದಾರರು ನಿಂತಿದ್ದರು.

"ಗೋಡೆ ಮೇಲಿದ್ದವರೆಲ್ಲ ನನ್ನ ಕಣ್ಣೆದುರೇ ಇದ್ದರು. ಉಳಿದವರು ಹಾಸಿಗೆಯಲ್ಲಿದ್ದರು. ಒದ್ದೆಯಾಗಿರೋನು ನೀನೊಬ್ಬನೇ," ಎಂದರು ಅವರು. ಫಿರಂಗಿ ಸದ್ದಿಗೆ ನಿದ್ದೆ ಕೆಡುವ ಕಾಲ ಆ ಕೋಟೆಯಲ್ಲಿ ಎಂದೋ ಮುಗಿದುಹೋಗಿತ್ತು.

ಶತ್ರುವಿನ ಹಡಗುಗಳ ಕಣ್ತಪ್ಪಿಸಿ ನಾಳಿದ್ದು ಬರುವ ದೋಣಿಯಲ್ಲಿ ದ್ರೋಹಿಯೆಂದು ಅವನನ್ನು ಸಾಗಿಸುವುದೆಂದು ತೀರ್ಮಾನವಾಯಿತು. ದಡದಲ್ಲಿ ಅವನಿಗೆ ಕಾದಿದ್ದದ್ದು ನೇಣು.

ಆಸ್ಪತ್ರೆಯ ಕಾಂಪೌಂಡರ್ ಡಾಕ್ಟರಮ್ಮನ ಬಳಿಗೆ ಓಡಿದ. ಒಂಟೆ ಅವನ ಸ್ವಂತ ಅಕ್ಕನ ಮಗ. "ಡಾಕ್ಟರಮ್ಮ, ನಮ್ಮಕ್ಕನಿಗೆ ನಾನು ಯಾವ ಮುಖ ತೋರಿಸ್ಲಿ?"

ಡಾಕ್ಟರಮ್ಮ ಕೋಟೆಯ ವೈದ್ಯೆ. ಕಳವು, ಕಾದಾಟ, ಕಳ್ಳಜ್ವರ, ಏನೇ ಇದ್ದರೂ ಬೇರು ಹಿಡಿದು ಎಳೆಯುವುದು ಅವರ ಅಭ್ಯಾಸ.

"ಇರೋ ಮುಖಾನೇ ತೋರಿಸು, ಬೇರೆ ಎಲ್ಲಿಂದ ತರ್ತೀಯ?" ಎಂದರು. ಆಮೇಲೆ ಅವನ ಭುಜ ಹಿಡಿದು, "ನಿನ್ನ ಅಳಿಯ ಆ ದೋಣಿ ಹತ್ತಲ್ಲ. ನನ್ನ ಮಾತು," ಎಂದರು.

ಅವರು ಮೊದಲು ಹಾಸಿಗೆಗಳನ್ನು ನೋಡಲು ಹೊರಟರು. "ಬೆಳಗ್ಗೆ ಕಾವಲು ಮುಗಿಸಿ ಮಲಗಿದಾಗ ಹಾಸಿಗೆ ಬೆಚ್ಚಗಿತ್ತಾ?" ಎಂದು ಪ್ರತಿಯೊಬ್ಬನನ್ನೂ ಕೇಳಿದರು. ಕಾಂಪೌಂಡರಿಗೆ ನಾಚಿಕೆಯಾಯಿತು.

"ಬೆಚ್ಚಗೆಲ್ಲಿ ಬಂತು? ಹೆಣ ಎದ್ದುಹೋದ ಜಾಗದಲ್ಲಿ ಮಲಗಿದ ಹಾಗಿತ್ತು," ಎಂದು ಗುಂಡ ಎಂಬ ಸಿಪಾಯಿ ಗೊಣಗಿದ.

ಅವನ ಹಾಸಿಗೆಯ ಜೊತೆಗಾರ ಹಾಡುಗಾರ. ಮನೆ ನೆನಪಾದವರಿಗೆಲ್ಲ ಪದ ಹೇಳಿ ನಗಿಸುತ್ತಿದ್ದವನು. "ನನ್ನ ಮೈಲಿ ರಕ್ತಾನೇ ಕಮ್ಮಿ ಕಣೋ, ಕಾವಲು ಬದಲಾಗೋ ಕಹಳೆ ಊದೋ ತನಕ ನಾನೂ ನಡುಗ್ತಾನೇ ಮಲಗಿದ್ದೆ," ಎಂದ. ಎಲ್ಲರೂ ನಕ್ಕರು.

ಮರುದಿನ ಡಾಕ್ಟರಮ್ಮ ಬಟ್ಟೆ ಒಣಹಾಕುವ ಹಗ್ಗದ ಬಳಿ ನಿಂತು ಒಂದೊಂದೇ ಷರಾಯಿಯನ್ನು ಹಿಸುಕಿ ನೋಡಿದರು. ಒಂದರ ಅಂಚನ್ನು ನಾಲಿಗೆಗೂ ತಾಗಿಸಿದರು.

"ಅಯ್ಯೋ, ನೆಕ್ತಾ ಇದ್ದೀರಾ? ಯಾರದೋ ಏನೋ!" ಎಂದ ಜೊತೆಗಿದ್ದ ಕಾಂಪೌಂಡರ್.

"ಯಾರದು ಅಂತ ಗೊತ್ತಾಗ್ಲಿ ಅಂತಲೇ ನೆಕ್ತಿರೋದು. ನೀನೂ ರುಚಿ ನೋಡ್ತೀಯಾ?"

ಕಾಂಪೌಂಡರ್ ಎರಡು ಹೆಜ್ಜೆ ಹಿಂದೆ ಸರಿದ.

ದೋಣಿ ಬಂದ ದಿನ ಎಲ್ಲರೂ ಅಂಗಳದಲ್ಲಿ ಸೇರಿದರು. ಒಂಟೆಯ ಕೈಗೆ ಹಗ್ಗ ಬಿಗಿದಿತ್ತು. "ಮಾವ, ಜ್ವರ ಬಂದು ಸತ್ತ ಅಂತ ಅಮ್ಮನಿಗೆ ಹೇಳು," ಎಂದ.

ಡಾಕ್ಟರಮ್ಮ ಎರಡು ಷರಾಯಿಗಳನ್ನು ಎತ್ತಿ ಹಿಡಿದರು. "ಕಿಲ್ಲೇದಾರರೇ, ನಮ್ಮ ಬಟ್ಟೆಗಳೆಲ್ಲ ಉಪ್ಪಿಗೆ ಸೆಟೆದಿರುತ್ತವೆ. ಸಿಹಿನೀರಲ್ಲಿ ಚೆನ್ನಾಗಿ ನೆನೆದರೆ ಮಾತ್ರ ಉಪ್ಪು ಬಿಟ್ಟು ಮೆತ್ತಗಾಗುತ್ತವೆ. ಕೋಟೆಯಲ್ಲಿ ಸಿಹಿನೀರು ಅಷ್ಟು ಇರೋದು ತೊಟ್ಟಿಯಲ್ಲಿ ಮಾತ್ರ. ಒಂದು ಒಂಟೆಯದು, ಸರಿ, ಬಿರಡೆ ಜಡಿಯೋಕೆ ಇಳಿದ. ನೀರಿಗಿಳಿದವನು ಇವನೊಬ್ಬನೇ ಆದರೆ ಮೆತ್ತಗಾದ ಷರಾಯಿ ಎರಡು ಹೇಗೆ?"

ಕಿಲ್ಲೇದಾರರು ಎರಡನ್ನೂ ಹಿಸುಕಿ ನೋಡಿದರು. ಡಾಕ್ಟರಮ್ಮ ಮುಂದುವರಿಸಿದರು:

"ಒಂಟೆ ಗಾಯಾಳುವನ್ನು ಹೊತ್ತುಕೊಂಡು ಹೋದಾಗ ಇನ್ನೊಬ್ಬ ಇಳಿದ. ಒದ್ದೆ ಷರಾಯಿಯನ್ನು ಬಚ್ಚಿಡದೆ ಧೈರ್ಯವಾಗಿ ಹಗ್ಗಕ್ಕೆ ಹಾಕಿದ. ಒಗೆದ ಬಟ್ಟೆಗಳ ನಡುವೆ ಯಾರು ನೋಡ್ತಾರೆ ಅಂತ ಅಂದುಕೊಂಡ. ಅದು ಒಣಗಿದ ಮೇಲೆ ಮೆತ್ತಗಾಗುತ್ತೆ ಅಂತ ಹೊಳೀಲಿಲ್ಲ. ಕಹಳೆ ಊದೋ ತನಕ ಮಲಗಿದ್ದೆ ಅಂದ. ಆದರೆ ಅವನು ಬಿಟ್ಟೆದ್ದ ಹಾಸಿಗೆ ತಣ್ಣಗಿತ್ತು. ಏನಪ್ಪಾ ಹಾಡುಗಾರ, ಇದರ ಸೊಂಟದಲ್ಲಿರೋ ತೇಪೆ ನಿಂದೇ ಅಲ್ವಾ?"

ಗುಂಡ ಬಗ್ಗಿ ನೋಡಿದ. "ತೇಪೆ ಹಾಕಿದ್ದು ನಾನೇ," ಎಂದ, ಅಳುವ ದನಿಯಲ್ಲಿ.

ಹಾಡುಗಾರ ನೆಲಕ್ಕೆ ಕುಸಿದ. "ನೀರಿಲ್ಲದೆ ಹೋದರೆ ಬಾಗಿಲು ತೆಗೀತೀರ ಅಂದುಕೊಂಡೆ. ಸೋತ್ರೂ ಸರಿ, ಮನೆಗೆ ಹೋಗ್ಬೋದಲ್ಲ ಅಂತ. ಇವನ ತಲೆಗೆ ಬರುತ್ತೆ ಅಂತ ಗೊತ್ತಿರಲಿಲ್ಲ."

"ಗೊತ್ತಾದ ಮೇಲೂ ಬಾಯಿ ಬಿಡಲಿಲ್ಲವಲ್ಲೋ," ಎಂದರು ಡಾಕ್ಟರಮ್ಮ.

ಕಿಲ್ಲೇದಾರರು ತಾವೇ ಒಂಟೆಯ ಹಗ್ಗ ಬಿಚ್ಚಿದರು. ನಂತರ ಸಿಪಾಯಿಗಳತ್ತ ತಿರುಗಿದರು. "ನೀರು ಅರ್ಧ ಉಳಿದಿದೆ. ಇನ್ನು ಮೇಲೆ ಲೋಟವೂ ಅರ್ಧವೇ. ಮನೆಗೆ ಹೋಗಬೇಕು ಅನ್ನೋರು ಯಾರಾದರೂ ಇದ್ದರೆ ಈಗಲೇ ದೋಣಿ ಹತ್ತಿ. ಒಂದು ಮಾತೂ ಆಡಲ್ಲ."

ತುಟಿ ಒಡೆದವರು, ತೊಡೆ ಹುಣ್ಣಾದವರು, ಊರುಗೋಲಿನವರು, ಎಲ್ಲರೂ ಅಲ್ಲೇ ನಿಂತಿದ್ದರು. ಒಬ್ಬನೂ ಮಿಸುಕಲಿಲ್ಲ. "ಅರ್ಧ ಲೋಟ ಸಾಕು ಸಾಹೇಬ್ರೇ, ಈಗ ನಾವೆಲ್ಲ ಒಂಟೆಗಳೇ," ಎಂದು ಹಿಂದಿನಿಂದ ಯಾರೋ ಕೂಗಿದರು. ಅಂಗಳವೆಲ್ಲ ನಗೆ ಎದ್ದಿತು. ಕಾಂಪೌಂಡರಿಗೆ ತನ್ನ ಎದೆ ಅಂಗಿಗಿಂತ ಒಂದು ಅಳತೆ ದೊಡ್ಡದಾದಂತೆ ಅನಿಸಿತು.

ದೋಣಿ ಹಾಡುಗಾರನೊಬ್ಬನನ್ನೇ ಹತ್ತಿಸಿಕೊಂಡು ಹೊರಟಿತು. ಅದು ಕೋಟೆಯ ನೆರಳು ದಾಟುವವರೆಗೂ ನೋಡುತ್ತಿದ್ದ ಡಾಕ್ಟರಮ್ಮ, "ನೋಡಪ್ಪಾ, ಕೊಟ್ಟ ಮಾತು ಉಳೀತು," ಎಂದು ಕಾಂಪೌಂಡರಿಗೆ ಹೇಳಿ ಗಾಯಾಳುಗಳ ಕಡೆ ನಡೆದರು. ಒಂಟೆ ಆಗಲೇ ತೊಟ್ಟಿಯ ಬಾಯಿಗೆ ಬೆನ್ನು ಕೊಟ್ಟು ಕಾವಲು ನಿಂತಾಗಿತ್ತು.