ಬಲಮಗ್ಗುಲಿನ ಹೊಲಿಗೆ

ಹೊಲಿಗೆಯ ಕಸುಬಿನಲ್ಲಿ ಆಯಸ್ಸು ಸವೆಸಿದ ನಾನು ಜಾಣರನೇಕರನ್ನು ಕಂಡಿದ್ದೇನೆ. ಆದರೆ ಹರಿದ ಬಟ್ಟೆಯೊಂದರ ಬಾಯಿ ಬಿಡಿಸಿ, ನಿರಪರಾಧಿಯೊಬ್ಬಳ ಅನ್ನವನ್ನು ಉಳಿಸಿದವರು ನನ್ನ ಅತ್ತಿಗೆ ಒಬ್ಬರೇ. ಅದು ಸುಲಭಕ್ಕೆ ದಕ್ಕಿದ ಗೆಲುವಲ್ಲ. ಆ ಗೆಲುವಿಗಾಗಿ ಅವರು ತಮ್ಮ ಮನೆಯವರನ್ನೇ ಎದುರು ಹಾಕಿಕೊಳ್ಳಬೇಕಾಯಿತು.

ನಮ್ಮದು ಬೀದಿಗೆ ಮುಖಮಾಡಿದ ಮಹಡಿಯ ಮೇಲಿನ ಹೊಲಿಗೆ ಅಂಗಡಿ. ಯಜಮಾನ ನನ್ನ ಅಣ್ಣ. ಕಣ್ಣಿನ ಶಸ್ತ್ರಚಿಕಿತ್ಸೆಯಾದ ಮೇಲೆ ಅವನು ಮೆಷಿನ್ನಿನ ಹತ್ತಿರ ಸುಳಿಯಬಾರದೆಂದು ಅತ್ತಿಗೆ ಕಟ್ಟಪ್ಪಣೆ ಮಾಡಿದ್ದರು. ಬಟ್ಟೆ ಕತ್ತರಿಸುವವಳು ನಾನು. ರೇಷ್ಮೆ ಹೊಲಿಯುವ ಸಣ್ಣ ಹುಡುಗಿಗೆ ನಾವಿಟ್ಟ ಹೆಸರು ಗುಬ್ಬಿ. ಚರ್ಮದ ಚೀಲ ಹೊಲಿಯುವವನನ್ನು ಎಲ್ಲರೂ ಚೀಲದಣ್ಣ ಎನ್ನುತ್ತಿದ್ದೆವು. ಅತ್ತಿಗೆ ಮೆಷಿನ್ನುಗಳನ್ನು ರಿಪೇರಿ ಮಾಡುತ್ತಿದ್ದರು. ಕತ್ತರಿ ಕಾಣೆಯಾಗಲಿ, ಗಿರಾಕಿಯ ಗುಂಡಿ ಅದಲುಬದಲಾಗಲಿ, ತನಿಖೆಯೂ ಅವರದೇ. ಅವರ ಹಿಂದೆ ಹಿಂದೆ ತಿರುಗುವುದು ನನ್ನ ಭಾಗ್ಯ.

ಅಂದು ಬೆಳಿಗ್ಗೆ ಗಾಯಕಿಯೊಬ್ಬರು ಸಂಜೆಯ ಕಚೇರಿಗೆಂದು ಹೊಲಿಸಿದ್ದ ತೆಳು ರೇಷ್ಮೆಯ ನಿಲುವಂಗಿಯನ್ನು ತೊಟ್ಟು ನೋಡಲು ಬಂದರು. ಕನ್ನಡಿಯ ಮುಂದೆ ನಿಂತು ಬಲಗೈ ಎತ್ತಿದ್ದೇ ತಡ, ಕಂಕುಳಿನಿಂದ ಸೊಂಟದವರೆಗೆ ಪರ್ರೆಂದು ಹರಿಯಿತು. ನೂಲು ಕಡಿದಿರಲಿಲ್ಲ, ಹೊಲಿಗೆಯ ಗೆರೆಯುದ್ದಕ್ಕೂ ಬಟ್ಟೆಯೇ ಅಂಚೆಚೀಟಿಯಂತೆ ಬೇರ್ಪಟ್ಟಿತ್ತು. ಎಡಮಗ್ಗುಲು ಮಾತ್ರ ಕಲ್ಲಿನಂತೆ ಗಟ್ಟಿಯಾಗಿತ್ತು.

ಅಣ್ಣ ಕೆಂಡವಾದ. ಗುಬ್ಬಿ ತನ್ನ ಕತ್ತರಿಯನ್ನು ಎತ್ತಿಕೊಂಡು ಅಂದೇ ಹೊರಡಬೇಕೆಂದು ಕಡ್ಡಿ ಮುರಿದಂತೆ ಹೇಳಿದ. ರೇಷ್ಮೆ ಕೆಡಿಸಿದವಳೆಂಬ ಹೆಸರು ಹೊತ್ತು ಹೋದರೆ ಆ ಬೀದಿಯಲ್ಲಿ ಯಾರೂ ಅವಳನ್ನು ಒಳಗೆ ಬಿಟ್ಟುಕೊಳ್ಳುವಂತಿರಲಿಲ್ಲ. ಗುಬ್ಬಿ ಅಳಲಿಲ್ಲ, ತಾನು ಎರಡೂ ಮಗ್ಗುಲನ್ನು ಒಂದೇ ಸೂಜಿಯಲ್ಲಿ ಹೊಲಿದೆನೆಂದು ಮಾತ್ರ ಹೇಳಿದಳು.

"ಸೂಜಿ ವಿಷಯ ನಂಗೆ ಹೇಳ್ಕೊಡ್ತೀಯಾ?" ಎಂದ ಅಣ್ಣ. "ರೇಷ್ಮೆಗೆ ಹರಿತವಾದ ಸೂಜಿ ಹಾಕ್ಬೇಕು ಅಂತ ನಿಮ್ಮಪ್ಪ ಅಂಬೆಗಾಲಿಡ್ತಿದ್ದಾಗಲೇ ನಂಗೆ ಗೊತ್ತಿತ್ತು."

ಅತ್ತಿಗೆ ಬೆಣ್ಣೆಯಂಥ ದನಿಯಲ್ಲಿ, "ರೀ, ಸಂಜೆವರೆಗೂ ಅವಳ ಕತ್ತರಿ ಇಲ್ಲೇ ಇರ್ಲಿ. ಮಧ್ಯಾಹ್ನ ಮಾತಾಡೋಣ," ಎಂದು ನಿಲುವಂಗಿಯನ್ನು ಕಿಟಕಿಯ ಬೆಳಕಿಗೆ ಒಯ್ದರು.

ಭೂತಗನ್ನಡಿಯಲ್ಲಿ ನನಗೂ ತೋರಿಸಿದರು. ಎಡಮಗ್ಗುಲಿನ ತೂತುಗಳು ಸಾಸಿವೆಯ ಮೊಮ್ಮಕ್ಕಳಂತೆ ದುಂಡಗೆ, ಸಣ್ಣಗೆ ಇದ್ದವು. ಬಲಮಗ್ಗುಲಿನಲ್ಲಿ ಹರಿದ ಗೆರೆಯ ಪಕ್ಕದಲ್ಲೇ, ಮಡಿಕೆಯೊಳಗೆ, ಅಂಥದೇ ದುಂಡು ತೂತುಗಳ ಇನ್ನೊಂದು ಸಾಲಿತ್ತು; ಅದರಲ್ಲಿ ನೂಲಿರಲಿಲ್ಲ. ಹರಿದ ಗೆರೆಯಲ್ಲಿ ಇದ್ದವು ತೂತುಗಳಲ್ಲ, ಸೀಳುಗಳು.

ಅಷ್ಟರಲ್ಲಿ ಚೀಲದಣ್ಣನ ಗೊಣಗಾಟ ಕೇಳಿಸಿತು. ನಮ್ಮ ಮೆಷಿನ್ನುಗಳಿಗೆಲ್ಲ ಒಂದೇ ಬುಡದ ಸೂಜಿ, ಯಾರ ಸೂಜಿಯಾದರೂ ಯಾವ ಮೆಷಿನ್ನಿಗೂ ಕೂರುತ್ತಿತ್ತು. ಎಲ್ಲರ ಸೂಜಿಗಳೂ ಒಂದೇ ಪುಟ್ಟ ದಿಂಬಿಗೆ ಚುಚ್ಚಿರುತ್ತಿದ್ದವು, ಒಬ್ಬೊಬ್ಬರಿಗೆ ಒಂದೊಂದು ಮೂಲೆ. "ನನ್ನ ಚಾಕುಸೂಜಿ ಗುಬ್ಬಿ ಮೂಲೇಲಿ ಹೋಗಿ ಕೂತಿದೆ ಅಕ್ಕ. ಅದಕ್ಕೇನು ನೆಂಟಸ್ತನವೋ," ಎಂದ. ಹಿಂದಿನ ದಿನ ಅವನು ಗುಬ್ಬಿಗಿಂತ ಮೊದಲೇ ಮನೆಗೆ ಹೋಗಿದ್ದನೆಂದು ವಿಚಾರಿಸಿದಾಗ ತಿಳಿಯಿತು. ಅತ್ತಿಗೆ ತಲೆಯಾಡಿಸಿ, ಅಣ್ಣನಿಗೆ ಕಾಫಿ ಕೊಡಲು ಹೋದರು. ಲೋಟ ಹಿಡಿದ ಅವನ ಕೈಯನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡಿದ್ದನ್ನು ನಾನು ಗಮನಿಸಿದೆ. ಅರ್ಥ ಮಾತ್ರ ಹೊಳೆಯಲಿಲ್ಲ.

ಮಧ್ಯಾಹ್ನ ಎಲ್ಲರನ್ನೂ ಕತ್ತರಿಸುವ ಮೇಜಿನ ಸುತ್ತ ಸೇರಿಸಿದರು. ಗಾಯಕಿಯೂ ಬಂದು ಕುಳಿತರು. ಅತ್ತಿಗೆ ಚಿಂದಿ ರೇಷ್ಮೆಯನ್ನು ಹರಡಿ, ನಾಲ್ಕು ಸೂಜಿಗಳನ್ನು ಸಾಲಾಗಿ ಇಟ್ಟರು.

ಹೆಣಿಗೆ ಬಟ್ಟೆಗೆ ಮೊನೆ ದುಂಡಗಿರಬೇಕು, ಅದು ಎಳೆಯನ್ನು ಕಡಿಯದೆ ಪಕ್ಕಕ್ಕೆ ಸರಿಸುತ್ತದೆ. ಜೀನ್ಸಿಗೆ ಬಾಗದ ದಪ್ಪ ಸೂಜಿ. ರೇಷ್ಮೆಗೆ ಕೂದಲಿನಂತೆ ಸಣ್ಣದು, ಚೂಪಾದದ್ದು. ಚರ್ಮಕ್ಕೆ ಮಾತ್ರ ಉಳಿಯಂಥ ಅಂಚಿರುವ ಚಾಕುಸೂಜಿ ಎಂದು ವಿವರಿಸುತ್ತ, ಕೊನೆಯದನ್ನು ಮೆಷಿನ್ನಿಗೆ ಹಾಕಿ ರೇಷ್ಮೆಯ ಮೇಲೆ ಓಡಿಸಿ ಎಳೆದರು. ಚಿಂದಿ ಪರ್ರೆಂದಿತು. ಅದೇ ಸದ್ದು, ಅದೇ ಸೀಳು.

ಎಲ್ಲರ ಕಣ್ಣುಗಳೂ ಚೀಲದಣ್ಣನ ಮೇಲೆ ಬಿದ್ದವು. "ಅವನಲ್ಲ," ಎಂದರು ಅತ್ತಿಗೆ. "ಚಾಕುಸೂಜಿ ಅಂತ ಹೆಸರಿಟ್ಟೋನು ಅದನ್ನ ರೇಷ್ಮೆಗೆ ಹಾಕ್ತಾನಾ? ಗುಬ್ಬಿನೂ ಅಲ್ಲ. ಅವಳ ದುಂಡು ತೂತಿನ ಸಾಲು ಪಕ್ಕದಲ್ಲೇ ಇದೆ. ಅವಳು ಹೋದ್ಮೇಲೆ ಯಾರೋ ಅದನ್ನ ಬಿಚ್ಚಿ, ಮತ್ತೆ ಹೊಲಿದಿದ್ದಾರೆ. ಕಣ್ಣು ಮಂಜಾಗಿರೋರು. ಸೂಜಿ ಮೊನೆ ಕಾಣ್ದೆ, ಹಳೇ ಕಾಲದೋರ ಹಾಗೆ ಉಗುರಿನ ಮೇಲೆ ಗೀಚಿ, ಯಾವುದು ಜಾಸ್ತಿ ಕಚ್ಚುತ್ತೋ ಅದನ್ನೇ ಆರಿಸಿದೋರು. ಆಮೇಲೆ ಅದೇ ರೇಷ್ಮೆ ಸೂಜಿ ಅಂದ್ಕೊಂಡು ಗುಬ್ಬಿ ಮೂಲೆಗೆ ಚುಚ್ಚಿದೋರು."

ಅಣ್ಣ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿದ.

"ಬೆಳಿಗ್ಗೆ ನೀವು ಏನಂದ್ರಿ? ರೇಷ್ಮೆಗೆ ಹರಿತವಾದ ಸೂಜಿ. ಮುಳ್ಳು ಚೂಪಾಗಿರುತ್ತೆ ರೀ, ಹರಿತ ಆಗಿರಲ್ಲ. ಹರಿತ ಇರೋದು ಚಾಕು. ಆ ಒಂದು ಮಾತಿಂದ ಅನುಮಾನ ಬಂತು. ಕಾಫಿ ಕೊಡುವಾಗ ಉಗುರಿನ ಮೇಲಿನ ಹೊಸ ಗೀರು ನೋಡಿ ಅನುಮಾನ ಹೋಗಿ ಖಾತ್ರಿ ಆಯ್ತು."

ಅಣ್ಣ ಮುಷ್ಟಿ ಬಿಡಿಸಿ ಹೆಬ್ಬೆರಳನ್ನು ಮೇಜಿನ ಮೇಲಿಟ್ಟ. ಆಮೇಲೆ, ಬಲಮಗ್ಗುಲು ಒಂದಿಷ್ಟು ಸುಕ್ಕುಗಟ್ಟಿದಂತೆ ಕಂಡಿತೆಂದೂ, ಕೈ ಸುಮ್ಮನಿರದೆ ತಾನೇ ಬಿಚ್ಚಿ ಹೊಲಿದೆನೆಂದೂ, ಹೆಂಡತಿಯ ಅಪ್ಪಣೆ ಮೀರಿದ್ದಕ್ಕೆ ಅಂಜಿ ಬಾಯಿ ಬಿಡಲಿಲ್ಲವೆಂದೂ ಒಪ್ಪಿಕೊಂಡ. ತನ್ನ ಹೊಲಿಗೆ ಕೆಟ್ಟೀತೆಂದು ಅವನಿಗೆ ಕನಸಿನಲ್ಲೂ ತೋಚಿರಲಿಲ್ಲ. ಗುಬ್ಬಿ ಬಟ್ಟೆಯನ್ನು ಮೊದಲೇ ಕೆಡಿಸಿರಬೇಕೆಂದು ನಿಜಕ್ಕೂ ನಂಬಿದ್ದ.

ಅವನು ಎದ್ದು ಗುಬ್ಬಿಯ ಮುಂದೆ ನಿಂತ. "ತಪ್ಪು ನಂದಮ್ಮ. ನಿನ್ನ ಕತ್ತರಿ ಎಲ್ಲೂ ಹೋಗ್ಬೇಕಾಗಿಲ್ಲ."

"ಬೇಗ ಸರೀರಿ ಅಣ್ಣಾವ್ರೆ, ಬೆಳಕಿಗೆ ಅಡ್ಡ ನಿಂತಿದ್ದೀರ," ಎಂದಳು ಗುಬ್ಬಿ. ಆಗಲೇ ಅವಳು ಸಣ್ಣ ಸೂಜಿಗೆ ನೂಲು ಪೋಣಿಸುತ್ತಿದ್ದಳು. ಉಳಿದ ರೇಷ್ಮೆಯಲ್ಲಿ ನಾನು ಎರಡು ಪಟ್ಟಿ ಕತ್ತರಿಸಿಕೊಟ್ಟೆ. ಹರಿದ ಅಂಚನ್ನು ತೆಗೆದು, ಎರಡೂ ಮಗ್ಗುಲಿಗೆ ಅವನ್ನು ಕೂಡಿಸಿದಳು. ಬೇಕೆಂದೇ ಮಾಡಿದ ಅಲಂಕಾರವೆನ್ನುವಂತೆ ಒಪ್ಪಿತು. ಗಾಯಕಿ ಎರಡೂ ಕೈ ಮೇಲೆತ್ತಿ ನೋಡಿ, ನಕ್ಕು, ಕಚೇರಿಗೆ ಹೊರಟರು.

ಅತ್ತಿಗೆ ಎಲ್ಲರ ಎದುರಿಗೇ ಗಂಡನನ್ನು ಹಿಡಿದುಕೊಟ್ಟರು. ಆದರೆ ಆಮೇಲೆ ಎಂದೂ ಆ ಮಾತನ್ನು ಎತ್ತಿ ಆಡಲಿಲ್ಲ. ಅವರ ಬುದ್ಧಿಗಿಂತ ನಾನು ಹೆಚ್ಚು ಮೆಚ್ಚಿದ್ದು ಆ ಮೌನವನ್ನು.

ಇಷ್ಟು ಹೇಳಿ ಮುಗಿಸಿದಾಗ ಅಣ್ಣನ ಮೊಮ್ಮಗಳು ನನ್ನ ಮಗ್ಗುಲಿಗೆ ಇನ್ನಷ್ಟು ಒತ್ತಿ ಕುಳಿತಳು.

"ಚಿಕ್ಕಜ್ಜಿ, ಮೊದಲಿಂದ ಇನ್ನೊಂದ್ಸಲ ಹೇಳು. ಈ ಸಲ ತಾತ ಹರಿತ ಅಂದಾಗ ನಾನೇ ಹಿಡೀತೀನಿ."