ಎಮಿಲ್ ಬಿಟ್ಟುಕೊಟ್ಟ ಸರದಿ

"ನೀವೇ ಹಿಡೀರಿ ಮೇಡಂ. ನನ್ನ ಸರದಿ ನಿಮಗೆ."

ಜೂನ್ ತಿಂಗಳ ಮೊದಲ ಶನಿವಾರ ಎಮಿಲ್ ಈ ಮಾತು ಹೇಳಿದಾಗ, ಪಾಪ, ಹೆದರಿಬಿಟ್ಟಿದ್ದಾನೆ ಎಂದುಕೊಂಡೆ. ರೀಲು ಕಿರ್ರೆಂದು ಕಿರುಚುತ್ತಿತ್ತು, ಗಾಳದ ಕೋಲು ಪೂರ್ತಿ ಬಗ್ಗಿತ್ತು. ಇಡೀ ಚಳಿಗಾಲ ಈ ಒಂದು ಸದ್ದಿಗಾಗಿ ಕಾಯುವ ಜನ ನಾವು. ಅವನು ನೋಡಿದರೆ ಪಕ್ಕದಲ್ಲಿದ್ದ ಹಲ್ಲಿನ ಡಾಕ್ಟರಮ್ಮನಿಗೆ ಕೋಲು ದಾಟಿಸಿ ಹಾಯಾಗಿ ಹಿಂದೆ ಸರಿದು ನಿಂತ.

ಸೇಂಟ್ ಕ್ಲೇರ್ ಸರೋವರದಲ್ಲಿ ಗಿರಾಕಿಗಳನ್ನು ಮೀನು ಹಿಡಿಯಲು ಕರೆದೊಯ್ಯುವ ಅಪ್ಪನ ದೋಣಿಯನ್ನು ನಾನು ನಡೆಸತೊಡಗಿ ಆರು ವರ್ಷ. ಒಂದೇ ಕಡೆ ನಿಂತು ಮಸ್ಕಿ ಮೀನಿಗೆ ಗಾಳ ಎಸೆಯುವವರು ಬೇರೆ. ನಾವು ಎರಡೂ ಪಕ್ಕಕ್ಕೆ ಕೋಲುಗಳನ್ನು ಸಿಕ್ಕಿಸಿ, ಹಿಂದೆ ಗಾಳ ಸಿಕ್ಕಿಸಿದ ಮರದ ಮೀನುಗಳನ್ನು ಎಳೆದುಕೊಂಡು, ಬೆಳಗಿನಿಂದ ಸಂಜೆಯವರೆಗೆ ನೀರು ಸುತ್ತುವವರು. ಮೀನು ಯಾವ ಕೋಲಿಗಾದರೂ ಬೀಳಲಿ, ಯಾರ ಸರದಿಯೋ ಅವರೇ ಎಳೆಯಬೇಕು, ಅಳೆದು ಮತ್ತೆ ನೀರಿಗೇ ಬಿಡಬೇಕು. ದಿನಕ್ಕೆ ಒಂದೋ ಎರಡೋ ಬಿದ್ದರೆ ಪುಣ್ಯ. ಅಂಥ ಸರದಿಯನ್ನು ಯಾರಾದರೂ ದಾನ ಮಾಡುತ್ತಾರೆಯೇ?

ಎರಡನೇ ಶನಿವಾರವೂ ಮಾಡಿದ. ಮೂರನೆಯದಕ್ಕೂ.

ನನಗೊಂದು ಕೆಟ್ಟ ಚಾಳಿ. ಯಾರಾದರೂ ಏನನ್ನಾದರೂ ಮುಚ್ಚಿಟ್ಟರೆ, ಅದೇನೆಂದು ಗೊತ್ತಾಗುವವರೆಗೆ ಊಟ ಸೇರುವುದಿಲ್ಲ. ತಲೆಯಲ್ಲಿ ಏನೇನೋ ಓಡಿತು. ಭುಜ ನೋವೇ? ಹರಕೆಯೇ? ಮೀನೆಂದರೆ ಅಸಹ್ಯವೇ? ಹಾಗಿದ್ದರೆ ಬರುವುದೇಕೆ? ಬಿಸಿಲಿಗೆ ಕೆಂಪಾದ ಅವನ ಕಿವಿಗಳನ್ನು, ಕಾಫಿ ಫ್ಲಾಸ್ಕ್ ಹಿಡಿದ ಉದ್ದನೆಯ ಬೆರಳುಗಳನ್ನು ನೋಡುತ್ತಾ ಲೆಕ್ಕ ಹಾಕುತ್ತಿದ್ದೆ. ಬರೀ ಕುತೂಹಲ ಅಷ್ಟೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

"ಎಮಿಲ್, ನಿಮಗೆ ಮೀನು ಕಂಡ್ರೆ ಭಯಾನಾ?" ಎಂದು ಕೇಳಿಯೇಬಿಟ್ಟೆ.

"ಇಲ್ಲ ಕ್ಯಾಪ್ಟನ್."

"ಮತ್ತೆ?"

"ನೋಡ್ತಾ ನಿಲ್ಲೋದೂ ಚೆನ್ನಾಗೇ ಇರುತ್ತೆ," ಎಂದ. ಹೇಳುವಾಗ ಅವನ ಕಣ್ಣು ಸರೋವರದ ಕಡೆ ಇರಲಿಲ್ಲ. ನಾನು ಸುಮ್ಮನೆ ಟೋಪಿ ಸರಿಮಾಡಿಕೊಂಡೆ.

ಗುಟ್ಟು ಒಡೆದವರು ರೆಮಿ ಚಿಕ್ಕಪ್ಪ. ದೋಣಿಯ ಚುಕ್ಕಾಣಿ ಹಿಡಿಯುವುದು ಅವರೇ. ಅಂದು ಸಂಜೆ ಹಗ್ಗ ಸುತ್ತುತ್ತಾ ನಗತೊಡಗಿದರು.

"ಅಲ್ಲ ಕಣೇ ಕೋಲೆಟ್, ನಿನ್ನ ತಲೇಲಿ ಏನಿದೆ? ನಿಮ್ಮಪ್ಪ ಮಾಡಿದ ರೂಲ್ ಮರೆತೋಯ್ತಾ?"

ರೂಲು ನನಗೆ ಗೊತ್ತಿರದೆ ಏನು. ಬರಿಗೈಯಲ್ಲಿ ಮನೆಗೆ ಹೋದವರಿಗೆ ಮುಂದಿನ ಶನಿವಾರದ ಸೀಟು ಖಾಯಂ. ಮೀನು ಸಿಕ್ಕವರು ಮತ್ತೆ ಬರಬೇಕೆಂದರೆ ಆಗಸ್ಟ್‌ವರೆಗೆ ಕಾಯಬೇಕು. ಬೇಜಾರಾದವರ ಸಮಾಧಾನಕ್ಕೆಂದು ಅಪ್ಪ ಮಾಡಿದ ಏರ್ಪಾಡು ಅದು. ಬೇಕೆಂದೇ ಬರಿಗೈಯಲ್ಲಿ ಹೋಗುವ ಪ್ರಾಣಿಯೂ ಇರಬಹುದು ಎಂದು ನಮ್ಮ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ.

"ದೋಣಿ ಇಷ್ಟ ಆಗಿರಬೇಕು," ಎಂದೆ.

"ದೋಣಿನಾ? ಅಲೆ ಎದ್ರೆ ಅವನಿಗೆ ಹೊಟ್ಟೆ ತೊಳಸುತ್ತೆ! ಮೂರು ವಾರದಿಂದ ಶುಂಠಿ ಮಿಠಾಯಿ ಚೀಪ್ತಾ ನಿಂತಿದಾನೆ, ನೋಡಿಲ್ವಾ?"

ಆ ರಾತ್ರಿಯೂ ಊಟ ಸೇರಲಿಲ್ಲ, ಕಾರಣ ಮಾತ್ರ ಬೇರೆ. ಹಡಗು ದಾರಿಯ ಆಳ ಅಳೆಯುವುದು ಎಮಿಲ್‌ನ ಕೆಲಸ. ಇಲ್ಲಿಯದು ಜೂನ್‌ಗೆ ಮುಗಿಯುತ್ತದೆ, ಆಮೇಲೆ ಅವನು ದೂರದ ಡುಲೂತ್‌ಗೆ. ಉಳಿದದ್ದು ಒಂದೇ ಶನಿವಾರ. ಕೇಳಿಬಿಟ್ಟು, ಅವನು ಇಲ್ಲ ಎಂದರೆ ನನ್ನ ಮಾನ ಹೋಗುತ್ತದೆ. ಕೇಳದಿದ್ದರೆ ಅವನೇ ಹೋಗುತ್ತಾನೆ. ಹೋಗಬಾರದು ಎಂದು ನನಗೆ ಅನಿಸಿತು, ತುಂಬಾ ಅನಿಸಿತು.

ಕೊನೆಯ ಶನಿವಾರ ಬಂದವನು ಎಮಿಲ್ ಒಬ್ಬನೇ. ಮಿಕ್ಕವರೆಲ್ಲಿ ಎಂದರೆ ಚಿಕ್ಕಪ್ಪ ಕಿಂಚಿತ್ತೂ ನಾಚಿಕೆಯಿಲ್ಲದೆ, "ಇಂಜಿನ್ ಕೆಟ್ಟಿದೆ ಅಂತ ಫೋನ್ ಮಾಡ್ಬಿಟ್ಟೆ," ಎಂದರು.

ಸರೋವರದಿಂದ ಎದ್ದುಬಂದು ಊರೆಲ್ಲ ಮುತ್ತುವ ಮೀನುನೊಣ ಎಂಬ ಹುಳುಗಳ ಕಾಲ ಅದು. ಗೋಡೆ, ದೀಪದ ಕಂಬ, ದೋಣಿ, ಎಲ್ಲೆಲ್ಲೂ ಅವೇ. ಎಮಿಲ್‌ನ ಕಾಲರಿನ ಮೇಲೂ ಒಂದು ಕೂತಿತ್ತು. ಓಡಿಸಲು ಕೈ ಎತ್ತಿದೆ. ಅವನು ಉಸಿರಾಡದೆ ನಿಂತ. ಚಿಕ್ಕಪ್ಪ ಕೆಮ್ಮಿದರು, ನಾನು ಕೈ ಇಳಿಸಿದೆ.

ಹನ್ನೊಂದರ ಹೊತ್ತಿಗೆ ಬಲಗಡೆಯ ರೀಲು ಕಿರುಚಿತು.

ಎಮಿಲ್ ಆಚೆ ಈಚೆ ನೋಡಿದ. ದಾಟಿಸಲು ಯಾರೂ ಇಲ್ಲ. ನಮ್ಮಲ್ಲಿ ದೋಣಿಯವರು ಗಿರಾಕಿಯ ಕೋಲು ಮುಟ್ಟುವಂತಿಲ್ಲ.

"ನಿಮ್ಮ ಸರದಿ," ಎಂದೆ.

ಒಲ್ಲದ ಮನಸ್ಸಿನಿಂದ ಹಿಡಿದ. ದೂರದಲ್ಲಿ ನೀರು ಒಡೆದು ಕಂದು ಬೆನ್ನೊಂದು ಹೊರಳಿತು. ಅಬ್ಬಾ, ಅದರ ಗಾತ್ರವೇ! ಅಷ್ಟರಲ್ಲಿ ಅವನ ಕೋಲಿನ ತುದಿ ಮೆಲ್ಲಗೆ ಕೆಳಗಿಳಿಯತೊಡಗಿತು. ದಾರ ಸಡಿಲವಾದರೆ ಮೀನು ತಲೆ ಕೊಡವಿ ಗಾಳ ಉದುರಿಸುತ್ತದೆ ಎನ್ನುವುದು ಅವನಿಗೂ ಗೊತ್ತು. ಬೇಕೆಂದೇ ಬಿಡುತ್ತಿದ್ದಾನೆ!

"ಕೋಲು ಎತ್ತು! ಬಿಡ್ಬೇಡ ಕಣೋ!" ಎಂದು ಅರಚಿದೆ. "ಸೀಟಿಗೋಸ್ಕರ ಇಂಥ ಮೀನು ಕಳ್ಕೊಳ್ತಾರಾ ಯಾರಾದ್ರೂ?"

ಅವನು ಗಕ್ಕನೆ ತಿರುಗಿದ. "ಗೊತ್ತಾಯ್ತಾ ನಿಮಗೆ?"

"ಮುಂದೆ ನೋಡು! ದಾರ, ದಾರ!"

ಆಮೇಲೆ ಹಲ್ಲು ಕಚ್ಚಿ ಎಳೆದ. ಕಾಲು ಗಂಟೆ ಎಳೆದ. ನಾನು ಬಲೆ ಹಾಕಿದಾಗ ಇಬ್ಬರ ಭುಜಗಳೂ ತಾಗಿದವು, ಇಬ್ಬರೂ ಸರಿಯಲಿಲ್ಲ. ನೀರಿನಲ್ಲೇ ಗಾಳ ಬಿಡಿಸಿ ಹೇಳಿದೆ: "ಎತ್ತೋಕ್ ಮುಂಚೆ ಉಸಿರು ಹಿಡ್ಕೋ. ನಿನಗೆ ಎಲ್ಲಿವರೆಗೆ ತಡ್ಕೊಳ್ಳೋಕಾಗುತ್ತೋ ಅಲ್ಲೀವರೆಗೆ ಮಾತ್ರ ಮೀನು ಹೊರಗಿರ್ಬೇಕು."

ಅವನು ಕೆನ್ನೆ ಉಬ್ಬಿಸಿ ಎತ್ತಿದ. ಅಳತೆಪಟ್ಟಿ ಐವತ್ತೊಂದು ಇಂಚು ತೋರಿಸಿತು. ಈಗ ಬಾಯಿ ಬಿಡುವಂತಿಲ್ಲ ಅವನು. ನನಗೆ ಎಲ್ಲಿಂದ ಬಂತೋ ಧೈರ್ಯ.

"ಎಮಿಲ್, ಬರ್ತಿದ್ದಿದ್ದು ನನಗೋಸ್ಕರಾನಾ?"

ಅವನ ಮುಖ ಕೆಂಪೇರಿತು. ಉಸಿರಿಗೋ ನಾಚಿಕೆಗೋ ತಿಳಿಯಲಿಲ್ಲ. ಹೌದೆಂದು ಜೋರಾಗಿ ತಲೆಯಾಡಿಸಿದ, ಒಂದಲ್ಲ, ಮೂರು ಸಲ. ಮೀನೂ ಅವನ ಕೈಯಲ್ಲಿ ಕೊಸರಾಡಿತು. ನಾನು ನಕ್ಕುಬಿಟ್ಟೆ, ಕಣ್ಣೂ ತುಂಬಿತು.

ಇಬ್ಬರೂ ಬಗ್ಗಿ ಅದನ್ನು ನೀರಿಗಿಳಿಸಿದೆವು. ಅದು ಚೇತರಿಸಿಕೊಳ್ಳಲಿ ಎಂದು ಬಾಲದ ಬುಡ ಹಿಡಿದು ಕಾಯುವಾಗ ತಣ್ಣೀರಿನೊಳಗೆ ಅವನ ಬೆರಳು ನನ್ನ ಬೆರಳ ಮೇಲಿತ್ತು. ಮೀನು ಒಮ್ಮೆ ಬಾಲ ಬೀಸಿ ಆಳಕ್ಕೆ ಹೋಯಿತು. ಬೆರಳು ಹಾಗೇ ಉಳಿಯಿತು.

"ಸೋಮವಾರ ಡುಲೂತ್‌ಗೆ ಹೋಗ್ಲೇಬೇಕು," ಎಂದ, ಏದುಸಿರು ಬಿಡುತ್ತಾ. "ಶುಕ್ರವಾರ ಹೊರಟು ಶನಿವಾರ ಇಲ್ಲಿರ್ತೀನಿ. ಪ್ರತಿ ವಾರ. ಹನ್ನೆರಡು ಗಂಟೆ ದಾರಿ."

"ಒಂದು ಮೀನಿಗೋಸ್ಕರ ಹನ್ನೆರಡು ಗಂಟೆನಾ?"

"ನಾನು ಮೀನು ತಿನ್ನೋದೇ ಇಲ್ಲ, ಕೋಲೆಟ್."

ಮೊದಲ ಬಾರಿಗೆ ಹೆಸರು ಹಿಡಿದು ಕರೆದಿದ್ದ. ನನ್ನ ಹೆಸರು ಇಷ್ಟು ಚೆನ್ನಾಗಿದೆ ಎಂದು ನನಗೇ ಗೊತ್ತಿರಲಿಲ್ಲ.

"ರೀ ಸ್ವಾಮಿ, ಇನ್ನೂ ಅರ್ಧ ದಿನ ಬಾಕಿ ಇದೆ," ಎಂದು ಚುಕ್ಕಾಣಿಯ ಕಡೆಯಿಂದ ಚಿಕ್ಕಪ್ಪ ಕೂಗಿದರು. "ಗಾಳ ಮತ್ತೆ ಬಿಡೋಣ್ವಾ?"

"ಬೇಡ!" ಎಂದು ಇಬ್ಬರೂ ಒಟ್ಟಿಗೆ ಅಂದೆವು.