ಎರಡು ಜಡೆಯ ಸೋದರತ್ತೆ

“ನಿನಗೂ ಜ್ವರಾನಾ?” ದಿಲ್ಷಾದ್ ಮಿಸ್ ಕೇಳಿದರು.

ರಶ್ಮಿತಾ ತಲೆಯಾಡಿಸಿದಳು. ಅವಳ ಲೀವ್ ಲೆಟರ್ ಮಿಸ್ ಕೈಯಲ್ಲಿತ್ತು. ಮೇಜಿನ ಮೇಲೆ ಇನ್ನೂ ಮೂರು ಇದ್ದವು. ನಾಲ್ಕರಲ್ಲೂ ಅದೇ ಇಂಗ್ಲಿಷ್, ಅದೇ ಜ್ವರ. ಗೈಡಿನಲ್ಲಿದ್ದದ್ದು ಒಂದೇ ಪತ್ರ. ಹಾಗಾಗಿ ಅಕ್ಕನ ಮದುವೆಯಿರಲಿ, ಮನೆ ಪೂಜೆಯಿರಲಿ, ಐದನೇ ಕ್ಲಾಸಿನವರಿಗೆಲ್ಲ ಜ್ವರವೇ ಬರುತ್ತಿತ್ತು.

“ಅರ್ಬಾಜ್‌ಗೂ ಜ್ವರ ಅಂತೆ. ಅಲ್ನೋಡು.”

ಕಿಟಕಿಯಾಚೆ ಅರ್ಬಾಜ್ ಇಬ್ಬರನ್ನು ಎಳೆದುಕೊಂಡೇ ಕಬಡ್ಡಿ ಗೆರೆ ಮುಟ್ಟುತ್ತಿದ್ದ.

“ಅದಿರ್ಲಿ, ಕೆಳಗೆ ಸುರೇಶ್ ಅಂತ ಸೈನ್ ಮಾಡೀಯಲ್ಲ, ಯಾರಮ್ಮ ಸುರೇಶ್?”

ರಶ್ಮಿತಾ ನಾಲಿಗೆ ಕಚ್ಚಿಕೊಂಡಳು. ಆತುರದಲ್ಲಿ ಗೈಡಿನ ಹುಡುಗನ ಹೆಸರನ್ನೂ ಇಳಿಸಿಬಿಟ್ಟಿದ್ದಳು.

“ಖರೆ ಹೇಳು. ನಾಳೆ ರಜ ಯಾಕ ಬೇಕು?”

“ಹರಿಹರದಾಗೆ ತೊಟ್ಲು ಕಾರ್ಯ ಐತ್ರಿ ಮಿಸ್. ನಮ್ಮ ದೊಡ್ಡಪ್ಪನ ಮಗ ಮಹಾಂತೇಶಣ್ಣಗೆ ಪಾಪು ಹುಟ್ಟೈತೆ. ಅದರ ಕಿವ್ಯಾಗೆ ಹೆಸ್ರು ಹೇಳೋದು ಸೋದರತ್ತೆ. ಅಣ್ಣಂಗೆ ತಂಗಿ ಅಂತ ಇರೋದು ನಾನೊಬ್ಳೇ.”

“ಅಂದ್ರೆ ನೀನು ಅತ್ತೆ?” ಮಿಸ್ ಅವಳ ಎರಡು ಜಡೆ ನೋಡಿದರು. ಆಮೇಲೆ ಜಾರಿದ ಸಾಕ್ಸ್ ನೋಡಿದರು.

“ಹೌದ್ರಿ. ನಾನು ಹೋಗ್ಲಿಲ್ಲಂದ್ರೆ ಬ್ಯಾರೆ ಯಾರನ್ನಾರ ಕೂಡ್ರಿಸ್ತಾರಂತೆ.” ಹೇಳುವಷ್ಟರಲ್ಲೇ ಅವಳ ಕಣ್ಣು ತುಂಬಿತು. ಪಾಪ, ಒಂದು ವಾರದಿಂದ ದಿಂಬಿಗೆ ಹೆಸರಿಟ್ಟು ಅಭ್ಯಾಸ ಮಾಡಿದ್ದಳು.

“ಇಷ್ಟು ಚೆಂದದ ಕಾರಣ ಇಟ್ಕೊಂಡು ಜ್ವರ ಯಾಕ ತರಿಸ್ಕೊಂಡೆ? ಕೂಡು, ಇದನ್ನೇ ಬರಿ. ಒಂದು ಸೆಂಟೆನ್ಸಿಗೆ ಒಂದೇ ವಿಷಯ. ಮೊದ್ಲು ಯಾರು, ಆಮೇಲೆ ಏನು ಮಾಡಿದ್ರು. ಅರ್ಥ ಗೊತ್ತಿಲ್ದ ಪದ ಒಂದೂ ಬ್ಯಾಡ.”

ಅರ್ಥ ಗೊತ್ತಿಲ್ಲದ್ದನ್ನೆಲ್ಲ ಹೊಡೆದುಹಾಕಿದರೆ ಗೈಡಿನ ಪತ್ರದಲ್ಲಿ ‘ಸರ್’ ಒಂದೇ ಉಳಿಯಿತು. ದಿಲ್ಷಾದ್ ಮಿಸ್‌ಗೆ ಅದನ್ನೂ ಬರೆಯುವ ಹಾಗಿರಲಿಲ್ಲ.

ರಶ್ಮಿತಾ ಪೆನ್ಸಿಲ್ ಕಚ್ಚಿ ಕಚ್ಚಿ ನಾಲ್ಕೇ ಸಾಲು ಇಂಗ್ಲಿಷ್ ಬರೆದಳು. ನಮ್ಮಣ್ಣನಿಗೆ ಮಗು ಹುಟ್ಟಿದೆ. ನಾನು ಅದರ ಅತ್ತೆ. ನಾಳೆ ನಾನು ಅದಕ್ಕೆ ಹೆಸರು ಹೇಳಬೇಕು. ದಯವಿಟ್ಟು ರಜೆ ಕೊಡಿ.

ಮಿಸ್ ಎರಡು ಕಡೆ ತಿದ್ದಿದರು. ತುಟಿಯಂಚಲ್ಲಿ ನಗುತ್ತ ಸಹಿ ಹಾಕಿದರು. “ಹೋಗಿ ಬರ್ರಿ, ಅತ್ತೆಮ್ಮ.”

ಮರುದಿನ ದಾವಣಗೆರೆಯಿಂದ ಹರಿಹರದವರೆಗೂ ಬಸ್ಸಿನಲ್ಲಿ ರಶ್ಮಿತಾ ಹೆಸರನ್ನೇ ಗುನುಗಿದಳು. ಹೊಸ ಲಂಗ ಉಟ್ಟು ತೊಟ್ಟಿಲ ಮುಂದೆ ಕೂತಾಗ ಅವಳ ಗತ್ತು ನೋಡಬೇಕಿತ್ತು. ಹಿಂದೆ ಹೆಂಗಸರೆಲ್ಲ ಒತ್ತಾಗಿ ನಿಂತರು. ಅವರು ಯಾಕೆ ಬಳೆ ಹಿಂದಕ್ಕೆ ಸರಿಸಿಕೊಳ್ಳುತ್ತಿದ್ದಾರೆಂದು ಅವಳಿಗೆ ತಿಳಿಯಲಿಲ್ಲ.

ಅವಳು ಬಗ್ಗಿ, “ಸಿಂಚನಾ,” ಎಂದಳು.

ಗುದ್! ಗುದ್! ಬೆನ್ನಿನ ಮೇಲೆ ಗುದ್ದುಗಳ ಸುರಿಮಳೆ. ಎಲ್ಲರಿಗಿಂತ ಜೋರಾಗಿ ಗುದ್ದಿದ್ದು ಮನೆಗೆ ಹಿರಿಯರಾದ ಶಕುಂತಲಮ್ಮಜ್ಜಿ.

“ಅಜ್ಜಿ, ಯಾಕ ಹೊಡಿತೀರಿ?”

“ಹೆಸ್ರು ಹೇಳೋ ಅತ್ತೆ ಗುದ್ದು ತಿನ್ಲೇಬೇಕು. ಹಿಂದಿನಿಂದ ಬಂದ ಪದ್ಧತಿ. ಇನ್ನೂ ಎರಡು ಸಲ ಹೇಳೋದೈತೆ,” ಅಜ್ಜಿ ನಕ್ಕರು. “ಆಗಲ್ಲಂದ್ರೆ ಏಳು, ಬ್ಯಾರೆಯವ್ರನ್ನ ಕೂಡ್ರಿಸ್ತೀನಿ.”

ರಶ್ಮಿತಾ ಬೆನ್ನು ಸವರಿಕೊಂಡಳು. ನಾನು ಅತ್ತೆ ಎಂದು ಪತ್ರದಲ್ಲಿ ಬರೆಯುವುದು ಸುಲಭವಾಗಿತ್ತು. ತೊಟ್ಟಿಲಲ್ಲಿ ಪಾಪು ಕಣ್ಣು ಬಿಟ್ಟು ಅವಳನ್ನೇ ನೋಡುತ್ತಿತ್ತು.

“ಬ್ಯಾಡಜ್ಜಿ, ನನಗೇ ಹಾಕ್ರಿ,” ಎಂದು ರಶ್ಮಿತಾ ಮತ್ತೆ ಬಗ್ಗಿದಳು.